ಹವಳದ ಶುಶ್ರೂಷೆ

ರಜೆಯ ದಿನ ಎದ್ದವನೇ ಸೋಪಪ್ಪ ಗಾಜಿನ ತೊಟ್ಟಿಯ ಮುಂದೆ ಹೋಗಿ ನಿಂತ. ಹವಳ ಮುದುಡಿಕೊಂಡೇ ಇತ್ತು.

ಸೋಪಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರಿಗೆ ಕತ್ತರಿ, ಚಿಮಟ ಎತ್ತಿಕೊಡುವುದು ಅವನ ಕೆಲಸ. ಅಲ್ಲಿ ಕೈ ತೊಳೆಯುವುದೆಂದರೆ ಔಷಧದ ಸೋಪು ಹಚ್ಚಿ, ಉಗುರಿನ ಸಂದಿಯನ್ನೂ ಬಿಡದೆ ಮೊಣಕೈವರೆಗೆ ಉಜ್ಜುವುದು. ಆ ಸೋಪೂ ಆ ಅಭ್ಯಾಸವೂ ಮನೆಗೆ ಬಂದು, ಪೇಪರು ಓದುವ ಮುಂಚೆಯೂ ಕೈ ತೊಳೆಯತೊಡಗಿದ ಮೇಲೆ ಕಟ್ಟಡದವರೆಲ್ಲ ಸೇರಿ ಹೆಸರಿಟ್ಟರು. ಅವನು ಅದನ್ನು ಬಿರುದೆಂದೇ ತಿಳಿದಿದ್ದ.

ಹವಳವೆಂದರೆ ಉಂಗುರಕ್ಕೆ ಕೂರಿಸುವ ಹವಳವಲ್ಲ, ಜೀವವಿರುವ ಹವಳ. ಮನಸ್ಸು ಸರಿಯಿದ್ದರೆ ಉಪ್ಪುನೀರಿನಲ್ಲಿ ಮೈತುಂಬ ಹೂವಿನಂಥ ಎಳೆಗಳನ್ನು ಚಾಚಿ ತೂಗಾಡುತ್ತದೆ. ಸರಿಯಿಲ್ಲದಿದ್ದರೆ ಎಲ್ಲವನ್ನೂ ಒಳಗೆಳೆದುಕೊಂಡು ಬರೀ ಕಲ್ಲಾಗಿ ಕೂರುತ್ತದೆ. ಇದನ್ನು ಸಾಕುವುದು ಬಲು ಕಷ್ಟವೆಂದು ಅಂಗಡಿಯವನೇ ಹೇಳಿದ್ದ. ಸೋಪಪ್ಪ ಅದು ಅರಳಿದ್ದನ್ನು ಕಂಡದ್ದು ಆ ಅಂಗಡಿಯಲ್ಲೇ ಕಡೆ. ಹಿಂದೆ ತಂದ ಎರಡು ಹವಳಗಳು ಕಲ್ಲಾಗಿ, ಕಲ್ಲಾಗಿಯೇ ಹೋಗಿದ್ದವು. ಮೂರನೆಯದನ್ನು ತಂದಾಗ ಹೆಂಡತಿ ಕಡ್ಡಿ ಮುರಿದಂತೆ ಹೇಳಿದ್ದಳು.

"ಇದೂ ಸತ್ರೆ ತೊಟ್ಟಿ ಮನೆಯಿಂದ ಆಚೆ. ಕಿಟಕಿ ಹತ್ರದ ಜಾಗ ನನ್ನ ಹೊಲಿಗೆ ಮಿಷನ್ನಿಗೆ ಬೇಕು."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಡುಗೆಮನೆಯ ಮಂಕು ದೀಪದಲ್ಲಿ ಗಿರಾಕಿಗಳ ಬಟ್ಟೆ ಹೊಲಿದು ಅವಳ ಕಣ್ಣುಗಳು ಸೋತಿದ್ದವು. ಆದರೆ ದಿನವಿಡೀ ರಕ್ತ, ಹತ್ತಿ, ನರಳಾಟದ ನಡುವೆ ಇದ್ದು ಬರುವ ಸೋಪಪ್ಪನಿಗೆ ಆ ತೊಟ್ಟಿಯೊಂದೇ ಸಮಾಧಾನ. ಅದೂ ಹೋದರೆ ಮನೆಗೆ ಬಂದು ಏನನ್ನು ನೋಡಲಿ ಎಂಬುದು ಅವನ ಚಿಂತೆ.

ಇವತ್ತು ಇಡೀ ದಿನ ಶುಶ್ರೂಷೆ ಮಾಡಿಯೇ ಸೈ ಎಂದು ನಿರ್ಧರಿಸಿದ. ಕೈ ತೊಳೆದು ಹವಳವನ್ನು ಒಂಚೂರು ಬಲಕ್ಕೆ ತಿರುಗಿಸಿದ. ಕಾದ. ಮತ್ತೆ ಕೈ ತೊಳೆದು ಎಡಕ್ಕೆ ತಿರುಗಿಸಿದ. ಮತ್ತೆ ತೊಳೆದು ಮೇಲಿನ ಬಂಡೆಗೆ ಏರಿಸಿದ, ಮತ್ತೆ ತೊಳೆದು ಕೆಳಗಿಳಿಸಿದ. ಹವಳ ಇನ್ನಷ್ಟು ಬಿಗಿದುಕೊಂಡಿತು.

ಸುದ್ದಿ ಮೆಟ್ಟಿಲು ಹತ್ತಿ ಮೇಲಿನ ಮನೆಯ ನಿವೃತ್ತ ಡ್ರಿಲ್ ಮಾಸ್ತರರನ್ನು ಇಳಿಸಿಕೊಂಡು ಬಂತು.

"ಏನಪ್ಪಾ, ಪೇಷೆಂಟು ಹೇಗಿದೆ?"

"ಮುಖಾನೇ ತೋರಿಸ್ತಿಲ್ಲ, ಮಾಸ್ತರೇ."

"ಸೋಮಾರಿತನ ಕಣಯ್ಯಾ! ನೀರು ಜೋರಾಗಿ ಓಡಿಸು, ಮೈ ಬಗ್ಗುತ್ತೆ," ಎಂದು ಮಾಸ್ತರರು ಅಂಗಿಯ ತೋಳು ಮಡಚಿದರು.

"ಮೊದಲು ಕೈ ತೊಳ್ಕೊಂಡು ಬನ್ನಿ. ಮೊಣಕೈವರೆಗೂ."

ಮಾಸ್ತರರು ತೊಳೆದು ಬಂದು, ತೊಟ್ಟಿಯ ನೀರು ಓಡಿಸುವ ಪಂಪನ್ನು ಪೂರ್ತಿ ಜೋರಿಗೆ ತಿರುಗಿಸಿದರು. ಅಷ್ಟರಲ್ಲಿ ಎದುರುಮನೆಯ ವಿಮಾ ಏಜೆಂಟರು ಬಂದರು. ಅವರು ಕರೆಯದೆ ಬರುವುದರಲ್ಲಿ ಪಳಗಿದವರು.

"ಬೆಳಕು ಜಾಸ್ತಿ ಆಗಿದೆ ಸಾರ್. ಪಾಪ, ನಾಚ್ಕೊಂಡಿದೆ," ಎನ್ನುತ್ತ ಪಕ್ಕದಲ್ಲಿದ್ದ ಬಟ್ಟೆಯೊಂದನ್ನು ತೆಗೆದು ತೊಟ್ಟಿಯ ಮೇಲೆ ಹೊದಿಸಿದರು. ಪಂಪಿನ ಸೆಳೆತಕ್ಕೆ ಬಟ್ಟೆ ಸರ್ರನೆ ನೀರಿಗಿಳಿದು ಹವಳಕ್ಕೇ ಸುತ್ತಿಕೊಂಡಿತು.

"ರೀ! ಅದು ಗಿರಾಕಿ ಕೋಟಿನ ಅಸ್ತರು!" ಹೆಂಡತಿ ಒಳಗಿನಿಂದ ಓಡಿಬಂದಳು.

ಅಂಥ ಹೊತ್ತಿನಲ್ಲೂ ಸೋಪಪ್ಪ ನಿಯಮ ಮುರಿಯಲಿಲ್ಲ. ಮೊದಲು ಕೈ ತೊಳೆದು ಬಂದು ಆಮೇಲೆ ಬಟ್ಟೆ ಬಿಡಿಸಿದ. ಏಜೆಂಟರನ್ನೂ ತೊಳೆಯಲು ಅಟ್ಟಿದ. ಮಾಸ್ತರರು ಬಟ್ಟೆ ಮುಟ್ಟಿದ್ದರಿಂದ ಅವರಿಗೂ ಎರಡನೆಯ ಸಲದ ಶಿಕ್ಷೆಯಾಯಿತು.

ಮಧ್ಯಾಹ್ನದ ಹೊತ್ತಿಗೆ ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಇಡೀ ಕಟ್ಟಡದ ನೀರು ಖಾಲಿ. "ಯಾವನ್ರೀ ಅವನು ನೀರೆಲ್ಲ ಮುಗಿಸಿದ್ದು?" ಎಂದು ಮೇಲಿಂದ ಬೈಗುಳ ಇಳಿಯತೊಡಗಿತು. ಏಜೆಂಟರು ಮೊಣಕೈವರೆಗೆ ನೊರೆ ಹೊತ್ತು ಬಚ್ಚಲ ಬಾಗಿಲಲ್ಲಿ ಬೊಂಬೆಯಂತೆ ನಿಂತಿದ್ದರು.

ತೊಳೆಯದ ಕೈಯನ್ನು ತೊಟ್ಟಿಗೆ ಹಾಕುವವನಲ್ಲ ಸೋಪಪ್ಪ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕುಸಿದ. ಮುಗಿಯಿತು, ಮೂರನೆಯದೂ ಹೋಯಿತು ಎಂದುಕೊಂಡ. ಹೆಂಡತಿ ಪಂಪನ್ನು ಮೊದಲಿನಷ್ಟಕ್ಕೆ ತಿರುಗಿಸಿ ಅಸ್ತರು ಒಣಹಾಕಲು ಹೋದಳು.

ಬಿಸಿಲು ಕಿಟಕಿಯಿಂದ ಜಾರುವ ಹೊತ್ತಿಗೆ ಹವಳದ ಮೂಲೆಯಲ್ಲಿ ಒಂದೆರಡು ಎಳೆಗಳು ಇಣುಕಿದವು. ಆಮೇಲೆ ಇನ್ನಷ್ಟು. ನೋಡನೋಡುತ್ತ ಕಲ್ಲಿನ ತುಂಬ ಹಸಿರು ಹೂಗಳು ಎದ್ದು ತೂಗಾಡಿದವು. ಸೋಪಪ್ಪನ ಕಣ್ಣು ತುಂಬಿತು.

"ಬದುಕ್ತು ಕಣೇ! ಅರಳಿದೆ, ಬಂದು ನೋಡು!"

ಹೆಂಡತಿ ಬಂದು ನೋಡಿದಳು. "ದಿನಾ ಅರಳುತ್ತಲ್ರೀ."

"ದಿನಾನಾ?"

"ನೀವು ಡ್ಯೂಟಿಗೆ ಹೋದ ಸ್ವಲ್ಪ ಹೊತ್ತಿಗೇ ಅರಳುತ್ತೆ. ಸಂಜೆ ಬಂದು ನೀವು ಕೈ ಹಾಕಿದ ತಕ್ಷಣ ಮುದುಡ್ಕೊಳ್ಳುತ್ತೆ. ಆ ಸೋಪಿನ ವಾಸನೆ ನಮಗೇ ತಡೆಯಕ್ಕಾಗಲ್ಲ, ಇನ್ನು ಅದಕ್ಕೆ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಕ್ಕೆ ಬಂದಾಗೆಲ್ಲ ಮೊದಲು ಕೈ ತೊಳ್ಕೊಂಡು ಬಾ ಅಂದ್ರಿ."

ಸೋಪಪ್ಪ ತನ್ನ ಕೈಗಳನ್ನೇ ನೋಡಿಕೊಂಡ. ಹಿಂದಿನ ಎರಡರ ಸಾವಿಗೂ ಕಾರಣ ತಿಳಿಯಿತು. ಆ ದುಃಖ ನಿಜವಾದದ್ದು. ಮಾಸ್ತರರೂ ಟೋಪಿ ತೆಗೆದರು.

"ಹೋಗ್ಲಿ ಬಿಡಿ," ಹೆಂಡತಿಯ ದನಿ ಮೆತ್ತಗಾಯಿತು. "ದಿನಾ ನೋಡಿ ನೋಡಿ ನಂಗೂ ಇದರ ಮೇಲೆ ಜೀವ. ತೊಟ್ಟಿ ಇಲ್ಲೇ ಇರ್ಲಿ."

ಸೋಪಪ್ಪನಿಗೆ ಹೋದ ಉಸಿರು ಬಂದಂತಾಯಿತು. "ಮತ್ತೆ ನಿನ್ನ ಮಿಷನ್ನು?"

"ಅದೂ ಇಲ್ಲೇ, ಪಕ್ಕದಲ್ಲಿ. ನಿಮ್ಮ ಕುರ್ಚಿ ತೆಗೆದ್ರೆ ಜಾಗ ಸರಿಹೋಗುತ್ತೆ."

ಅವನು ಏನೋ ಹೇಳಬೇಕೆನ್ನುವಷ್ಟರಲ್ಲಿ ನಲ್ಲಿ ಗೊರಗೊರ ಎಂದು ನೀರು ಬಿಟ್ಟಿತು. ಸೋಪಪ್ಪ ತನಗೇ ಅರಿವಿಲ್ಲದೆ ಎದ್ದು ತೋಳು ಮಡಚಿದ.

"ಆ ಎಡಗಡೆ ಎಳೆ ಒಂಚೂರು ಬಾಗಿದ ಹಾಗಿದೆ..."

ಮಾಸ್ತರರು ಒಂದು ರಟ್ಟೆ ಹಿಡಿದರು. ಏಜೆಂಟರು ನೊರೆ ಕೈಯಲ್ಲೇ ಇನ್ನೊಂದನ್ನು ಹಿಡಿದರು. ಕುರ್ಚಿಯೂ ಸೋಪಪ್ಪನೂ ಮೆಟ್ಟಿಲ ಬಳಿಗೆ ಬಂದರು. ಬಾಗಿಲು ಮುಚ್ಚಿತು. ಒಳಗೆ ಮಿಷನ್ನನ್ನು ಎಳೆಯುವ ಸದ್ದು, ಆಮೇಲೆ ಮೂವರೂ ಒಟ್ಟಿಗೆ "ಆಹಾ!" ಎಂದದ್ದು ಕೇಳಿಸಿತು.

ಸೋಪಪ್ಪ ಬಾಗಿಲಿಗೆ ಮುಖವಿಟ್ಟು ಮೆಲ್ಲಗೆ ಕೇಳಿದ. "ಲೇ, ನಾನೂ ಒಂದ್ಸಲ ನೋಡ್ಲಾ?"

"ಬೀಗದ ಕಿಂಡಿಯಿಂದ ನೋಡಿ," ಎಂದಳು ಹೆಂಡತಿ. "ಬೆರಳು ಹಾಕ್ಬೇಡಿ."