ಅಜ್ಜಿಯ ಮಂಚಕ್ಕೆ ಎರಡು ಇಟ್ಟಿಗೆ

ನಮ್ಮಜ್ಜಿಯ ಮಂಚಕ್ಕೆ, ಕಾಲು ಚಾಚುವ ಕಡೆ, ಎರಡು ಇಟ್ಟಿಗೆ ಕೊಟ್ಟ ಮಹಾವೈದ್ಯ ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರ ಬಾಯಿಂದ ನಿಮಗೆ ತಿಳಿಯುವುದು ಬೇಡ. ನಮ್ಮೂರು ಕೋಣಂದೂರಿನಲ್ಲಿ ಈ ಕಥೆಗೆ ಆಗಲೇ ಕೈಕಾಲು ಮೂಡಿವೆ. ಬೇರೆಯವರ ದನಿ ಅನುಕರಿಸುವ ನನ್ನಂಥವರಿಗೆ ಒಂದು ಕಾಯಿಲೆ ಇರುತ್ತದೆ. ಯಾರ ದನಿ ಗಂಟಲಿಗೆ ಬಂತೋ ಅವರ ವಿದ್ಯೆಯೂ ತಲೆಗೆ ಬಂತೆಂದು ನಂಬಿಬಿಡುತ್ತೇವೆ. ನಾನು ಹೊಸನಗರದ ಮೈಕ್‌ಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಆಟೋದಲ್ಲಿ ಕೂಗಿಸುವ ಪ್ರಕಟಣೆಗಳಿಗೆಲ್ಲ ನನ್ನದೇ ಗಂಟಲು. ಕಂಡಕ್ಟರಂತೆ ಸಿಟ್ಟಾಗಬಲ್ಲೆ, ನಮ್ಮ ಮಾಲೀಕರಂತೆ ಕೆಮ್ಮಿ ರಜೆ ಇಲ್ಲ ಎನ್ನಬಲ್ಲೆ. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.

ಅಜ್ಜಿಯ ಎಡಗಡೆ ಇಟ್ಟ ಚೊಂಬು ಅವಳಿಗೆ ಕಾಣದೆ, ಕೈತಾಗಿ ದಿನಾ ಉರುಳತೊಡಗಿದಾಗ ಅವಳನ್ನು ಸಾಗರದ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಗ್ಲಾಕೋಮಾ, ಅಂದರೆ ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನೋಟದ ನರ ಸವೆಯುವ ಕಾಯಿಲೆ ಎಂದರು. ಹೋದ ನೋಟ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು. ಬಸದಿಯಿಂದ ಬಂದ ಮೇಲೆ ಅಕ್ಕಪಕ್ಕದ ಹೆಂಗಸರಿಗೆ ಪುರಾಣ ಓದಿ ಹೇಳುವ ಅಜ್ಜಿ ಕೇಳಿದ್ದು ಒಂದೇ ಮಾತು: "ಪುಸ್ತಕ ಓದೋಕಾಗುತ್ತಾ ಡಾಕ್ಟ್ರೇ?"

"ಔಷಧಿ ತಪ್ಪದೇ ಹಾಕಿದ್ರೆ ಆಗುತ್ತೆ. ತಿಳೀತಲ್ಲಾ?" ಈ 'ತಿಳೀತಲ್ಲಾ' ಅವರ ಮೂಗಿನಿಂದ ಹೊರಟು ಗೋಡೆಯ ಅಕ್ಷರಪಟ ಮುಟ್ಟಿ ವಾಪಸು ಬರುತ್ತದೆ. ನಾನು ಅದನ್ನು ಅಲ್ಲೇ ಕಲಿತೆ.

ಆದರೆ ಕಣ್ಣಿನ ಒತ್ತಡ ಅಳೆದರೆ ಸಾಧಾರಣವಾಗಿಯೇ ಇತ್ತು. ಹಾಗಿದ್ದರೆ ನರ ಯಾಕೆ ಸವೆಯಿತು ಎಂದು ಕೇಳಿದೆ. ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಕಣ್ಣಿನ ಹಿಂಭಾಗದಲ್ಲಿ ಜರಡಿಯಂಥ ಒಂದು ತೆಳುವಾದ ಪರದೆ. ಅದರೊಳಗಿಂದಲೇ ನೋಟದ ನರ ಮಿದುಳಿಗೆ ಹೋಗುತ್ತದೆ. ಈಚೆಯಿಂದ ಕಣ್ಣೊಳಗಿನ ದ್ರವ ಪರದೆಯನ್ನು ಒತ್ತುತ್ತದೆ, ಆಚೆಯಿಂದ ತಲೆಬುರುಡೆಯೊಳಗಿನ ದ್ರವ. ಆಚೆಯ ಒತ್ತಡ ತೀರಾ ಕಡಿಮೆಯಿದ್ದರೆ, ಈಚೆಯದು ಸಾಧಾರಣವಾಗಿದ್ದರೂ ಪರದೆ ಹಿಂದಕ್ಕೆ ಬಾಗಿ ನರ ನಲುಗಬಹುದು. "ಇದಿನ್ನೂ ಪೂರ್ತಿ ತೀರ್ಮಾನ ಆಗಿಲ್ಲ. ನಮ್ಮ ಕೈಲಿರೋದು ಕಣ್ಣಿನ ಒತ್ತಡ ಇಳಿಸೋದೊಂದೇ. ರಾತ್ರಿ ಒಂಬತ್ತಕ್ಕೆ ಒಂದು ಹನಿ, ತಿಳೀತಲ್ಲಾ?"

ಮೂರು ವಾರ ಕಳೆದು ಸೀಸೆ ಎತ್ತಿ ನೋಡಿದರೆ ಔಷಧಿ ಇಳಿದೇ ಇಲ್ಲ! ಕೇಳಿದರೆ, "ಹನಿ ಕಣ್ಣಿಗೆ ಬಿಟ್ರೆ ಕಹಿ ಗಂಟಲಿಗೆ ಇಳಿಯುತ್ತೆ ಕಣೋ. ಹೊತ್ತು ಮುಳುಗಿದ ಮೇಲೆ ನಾನು ನೀರನ್ನೂ ಮುಟ್ಟಲ್ಲ, ನಿಂಗೊತ್ತಿಲ್ವಾ? ಐವತ್ತು ವರ್ಷದ ನೇಮ" ಎಂದಳು. ಅಜ್ಜಿಯ ಹಟ ನನಗೆ ಗೊತ್ತು. ನನಗೂ ಹಟವೇ ಬಂತು. ಇವಳ ಕಣ್ಣು ಉಳಿಸಿಯೇ ಸಿದ್ಧ! ಈ ಸಂಗತಿಯನ್ನು ಡಾಕ್ಟರಿಗೆ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವರ ದನಿ ಆಗಲೇ ನನ್ನ ಗಂಟಲಲ್ಲಿತ್ತಲ್ಲ! ಕಣ್ಣಿನ ಒತ್ತಡ ಇಳಿಸಲು ಅಜ್ಜಿ ಬಿಡುವುದಿಲ್ಲ. ಸರಿ, ತಲೆಯ ಕಡೆಯದನ್ನು ಏರಿಸಿದರಾಯಿತು. ತಲೆ ತಗ್ಗಿನಲ್ಲಿದ್ದರೆ ದ್ರವ ಅತ್ತ ಹರಿಯುತ್ತದೆ, ಪರದೆ ನೆಟ್ಟಗಾಗುತ್ತದೆ. ಮರುದಿನ ಮಧ್ಯಾಹ್ನ ಅಂಗಡಿಯ ಫೋನಿನಿಂದ ಮನೆಗೆ ಕರೆ ಮಾಡಿ, ಮೂಗು ಹಿಡಿದು, "ಅಜ್ಜೀ, ಕಾಲ್ದೆಸೆಗೆ ಎರಡು ಇಟ್ಟಿಗೆ ಕೊಟ್ಟು ಮಲಗಿ, ದಿಂಬು ಬೇಡ, ತಿಳೀತಲ್ಲಾ?" ಎಂದೆ. "ಆಗ್ಲಿ ಡಾಕ್ಟ್ರೇ" ಎಂದಳು, ಬಹಳ ವಿನಯದಿಂದ. ಸಂಜೆ ಏನೂ ಅರಿಯದವನಂತೆ ಮನೆಗೆ ಹೋಗಿ ನಾನೇ ಇಟ್ಟಿಗೆ ಇಟ್ಟೆ.

ತಿಂಗಳು ಕಳೆದು ಮತ್ತೆ ಸಾಗರಕ್ಕೆ ಹೋದೆವು. ಅಜ್ಜಿ ಕುರ್ಚಿಯಲ್ಲಿ ಕೂತವಳೇ, "ನೀವು ಫೋನಲ್ಲಿ ಹೇಳಿದ ಹಾಗೇ ಇಟ್ಟಿಗೆ ಇಟ್ಟಿದೀವಿ ಡಾಕ್ಟ್ರೇ" ಎಂದಳು.

"ಯಾರು, ನಾನಾ?"

ನಾನು ಅಕ್ಷರಪಟದ ಕೊನೆಯ ಸಾಲನ್ನು ಬಹಳ ಶ್ರದ್ಧೆಯಿಂದ ಓದತೊಡಗಿದೆ. ಡಾಕ್ಟರು ನನ್ನ ಮುಖ ನೋಡಿದರು. ಸೀಸೆಯ ಕಥೆ, ಇಟ್ಟಿಗೆಯ ಕಥೆ, ಎಲ್ಲವೂ ನನ್ನ ಸ್ವಂತ ದನಿಯಲ್ಲಿ ಹೊರಬಂದವು. ಆ ದನಿ ಇಷ್ಟು ಸಣ್ಣದೆಂದು ನನಗೂ ಗೊತ್ತಿರಲಿಲ್ಲ.

"ಅಲ್ಲಯ್ಯಾ, ತಲೆ ತಗ್ಗಿಸಿದ್ರೆ ತಲೆ ಒಳಗೆ ಮಾತ್ರ ಒತ್ತಡ ಏರಿ, ಕಣ್ಣಲ್ಲಿ ಏರದ ಹಾಗೆ ನಡುವೆ ನೀನೇನು ಗೇಟ್ ಹಾಕಿಸಿದ್ಯಾ? ಎರಡೂ ಏರುತ್ತೆ! ಇರೋ ಕಣ್ಣೂ ಕಳೀತಿದ್ದೆ."

ತಮಾಷೆ ಎಲ್ಲ ಇಳಿದುಹೋಯಿತು. ಆಗ ಅಜ್ಜಿ ಮೆಲ್ಲಗೆ, "ನಾನು ದಿಂಬನ್ನ ಇಟ್ಟಿಗೆ ಕಡೆಗೇ ಹಾಕ್ಕೊಂಡು ಮಲಗ್ತಿದ್ದೆ. ತಲೆ ತಗ್ಗಿಗೆ ಹಾಕಿ ಯಾರು ಮಲಗ್ತಾರೆ?" ಎಂದಳು. ಡಾಕ್ಟರು ನಕ್ಕುಬಿಟ್ಟರು. ತಲೆ ಎತ್ತರದಲ್ಲಿದ್ದರೆ ಒಳ್ಳೆಯದೇ, ಆದರೆ ಹನಿಯ ಬದಲಿಗೆ ಅದು ಸಾಲದು ಎಂದರು. ಪರೀಕ್ಷೆಯಲ್ಲಿ ಎಡಗಡೆಯ ನೋಟ ಮೊದಲಿನಷ್ಟೇ ಇತ್ತು. ನನಗೆ ಉಸಿರು ಬಂತು.

"ಹೊತ್ತು ಮುಳುಗೋ ಮೊದಲೇ ಹಾಕ್ಕೊಳಿ ಅಜ್ಜೀ, ದಿನಾ ಅದೇ ಹೊತ್ತಿಗೆ. ಹಾಕಿ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಈ ಮೂಲೆ ಎರಡು ನಿಮಿಷ ಒತ್ತಿ ಹಿಡೀರಿ. ಗಂಟಲಿಗೆ ಇಳಿಯೋದೂ ಕಡಿಮೆ ಆಗುತ್ತೆ."

"ಇಷ್ಟೇನಾ? ಮೊದಲೇ ಹೇಳ್ಬಾರ್ದಾ!" ಎಂದಳು ಅಜ್ಜಿ.

ವಾಪಸು ಬರುವ ಬಸ್ಸಿನಲ್ಲಿ ಐದೂವರೆಯಾಯಿತು. ಹೊರಗಿನ್ನೂ ಬಿಸಿಲಿತ್ತು. ರಸ್ತೆಯ ಗುಂಡಿಗಳಲ್ಲಿ ಬಸ್ಸು ಕುಲುಕಿ, ಅಜ್ಜಿಯ ಕಣ್ಣಿಗೆ ಹನಿ ಬಿಡಲಾಗದೆ ನಾನು ಪರದಾಡಿದೆ. ಬಸ್ಸು ಯಾವುದೋ ಊರಿನಲ್ಲಿ ನಿಂತಾಗ ಗುರಿ ಸಿಕ್ಕಿತು. ಅಜ್ಜಿ ಕಣ್ಣಿನ ಮೂಲೆ ಒತ್ತಿ ಹಿಡಿದು ಸುಮ್ಮನೆ ಕೂತಿದ್ದಳು. ಎರಡು ನಿಮಿಷ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಮಟ್ಟಿಗೆ ಅದೂ ಚಿಕಿತ್ಸೆಯೇ. ಆಮೇಲೆ ತಡೆಯಲಾಗದೆ ಕೇಳಿದೆ: "ಅಜ್ಜೀ, ಫೋನಲ್ಲಿ ಮಾತಾಡಿದ್ದು ನಾನು ಅಂತ ನಿಂಗೆ ಯಾವಾಗ ಗೊತ್ತಾಯ್ತು?"

ಅಜ್ಜಿ ಕಣ್ಣು ತೆರೆಯದೆಯೇ ಹೇಳಿದಳು: "ಆವತ್ತೇ. ನಂಗೆ ಹೋಗ್ತಿರೋದು ಕಣ್ಣು ಕಣೋ, ಕಿವಿ ಅಲ್ಲ."