ಜೇಬಿನ ಮೇಲೆ ಸಿಂಹ

ಲಾಡ್ಜ್ ಯಜಮಾನರು ಕೊಟ್ಟುಹೋದ ಬಿಳಿ ಅಂಗಿಯ ಜೇಬಿನ ಮೇಲೆ ಸಂಜೆಯೊಳಗೆ ಒಂದು ಸಿಂಹದ ಮುಖ ಮೂಡಬೇಕಿತ್ತು.

"ಬೋಳು ಜೇಬು ನೋಡೋಕಾಗಲ್ಲ. ಅದನ್ನ ಮುಚ್ಚೋ ಹಾಗೆ ಒಂದು ಸಿಂಹ ಹಾಕು. ಚೆನ್ನಾಗಿ ಬಂದ್ರೆ ನನ್ನ ಕೆಲಸದವರ ಅಂಗಿ ಎಲ್ಲಾ ನಿಂಗೇ," ಎಂದಿದ್ದರು.

ಚೆನ್ನಾಗಿ ಬರದಿದ್ದರೆ ಏನೆಂಬುದನ್ನು ಕಸೂತಿಯವನಿಗೆ ಅವನ ಹೆಂಡತಿ ತಿಳಿಸಿದ್ದಳು: ಕಸೂತಿ ಮೆಷಿನ್ ಮಾರುವುದು, ನಾಳೆಯಿಂದ ಅವಳ ಅಣ್ಣನ ಅಂಗಡಿಯಲ್ಲಿ ಮೊಳೆ ತೂಗುವುದು. ಆ ಭಾವ ಮಾತಿಗೊಮ್ಮೆ "ತಂಗಿ ಮುಖ ನೋಡಿ ಸುಮ್ನಿದೀನಿ" ಅನ್ನುವ ಆಸಾಮಿ.

ಬೀದಿಯವರು ಇವನನ್ನು ಕುಸುರಿ ಎಂದು ಕರೆಯುತ್ತಿದ್ದುದು ಮೆಚ್ಚುಗೆಯಿಂದಲ್ಲ. ಇವನ ಮಾತು ಕುಸುರಿ, ಕೆಲಸ ಗೋಣಿಚೀಲ.

ಮೊದಲು ಚಿಂದಿ ಬಟ್ಟೆಯಲ್ಲಿ ನೋಡೋಣವೆಂದು ಕಸೂತಿ ರಿಂಗಿಗೆ ಬಟ್ಟೆ ಸಿಕ್ಕಿಸುವಷ್ಟರಲ್ಲಿ ಎದುರು ಅಂಗಡಿಯ ಟೈಲರ್ ಹಾಜರಾದ.

"ಏನೋ ಇದು, ಅಜ್ಜಿ ಕೆನ್ನೆ ಥರ ಜೋತಾಡ್ತಿದೆ! ಎಳಿಯೋ. ಡೋಲಿನ ಹಾಗೆ ಡಬ್ ಅನ್ಬೇಕು."

ಇಬ್ಬರೂ ಹಗ್ಗಜಗ್ಗಾಟಕ್ಕೆ ನಿಂತವರಂತೆ ಎಳೆದರು. ಬಟ್ಟೆ ಡಬ್ ಎಂದಿತು. ಸಿಂಹವೂ ಠೀವಿಯಿಂದಲೇ ಮೂಡಿತು. ರಿಂಗು ಬಿಚ್ಚಿದ್ದೇ ತಡ, ಹಿಗ್ಗಿದ್ದ ಬಟ್ಟೆ ಮುದುಡಿಕೊಂಡು, ಸಿಂಹದ ಮುಖ ಹಲ್ಲುಸೆಟ್ಟು ಕಳಚಿಟ್ಟ ಮುದುಕನದಾಯಿತು.

"ದಾರ ಸರಿಯಿಲ್ಲ," ಎಂದ ಟೈಲರ್.

ಪಕ್ಕದ ಇಸ್ತ್ರಿಯವನಿಗೆ ತಡೆಯಲಾಗಲಿಲ್ಲ. "ಎಳೀಬಾರದಪ್ಪಾ! ಬಟ್ಟೆ ಉಸಿರಾಡಬೇಕು. ಸಡಿಲ ಬಿಡು."

ಸಡಿಲ ಬಿಟ್ಟ ಬಟ್ಟೆ ಸೂಜಿಯ ಜೊತೆ ಕುಣಿಯಿತು. ಈ ಸಿಂಹಕ್ಕೆ ಒಂದು ಕಣ್ಣು ಹಣೆಯಲ್ಲಿ, ಇನ್ನೊಂದು ಮೀಸೆಯ ಕೆಳಗೆ.

"ಆದ್ರೂ ನಿಮ್ಮ ಭಾವನ ಕಳೆ ಇದೆ ಕಣೋ," ಎಂದ ಟೈಲರ್.

ಕುಸುರಿ ಇಬ್ಬರನ್ನೂ ಹೊರಗಟ್ಟಿ, ಮೆಷಿನ್ ಜೊತೆ ಬಂದಿದ್ದ ಪುಸ್ತಕದ ಧೂಳು ಮೊದಲ ಸಲ ಕೊಡವಿದ. ಅಂಗಿಯ ಅಡಿಗೆ ದಪ್ಪ ಪೇಪರ್ ಇಟ್ಟ. ಬಟ್ಟೆಯನ್ನು ಎಳೆಯದೆ, ಜೋಲಲೂ ಬಿಡದೆ ಸಮನಾಗಿ ಹಾಸಿ, ರಿಂಗು ಒತ್ತಿ ತಿರುಪು ಬಿಗಿದ. ಸಿಂಹ ಗರ್ಜಿಸುವಂತೆ ಬಂತು. ಒಂದು ಸುಕ್ಕಿಲ್ಲ.

"ಪರವಾಗಿಲ್ವೇ," ಎಂದಳು ಹೆಂಡತಿ. ಮದುವೆಯಾದ ಮೇಲೆ ಅವಳಿಂದ ಬಂದ ಅತಿ ದೊಡ್ಡ ಹೊಗಳಿಕೆ ಅದು.

ಸಂಜೆ ಬಂದ ಯಜಮಾನರು ಅಲ್ಲೇ ಅಂಗಿ ತೊಟ್ಟು, "ಭೇಷ್!" ಎಂದು ಬೀಗದ ಕೈ ಗೊಂಚಲನ್ನು ಜೇಬಿಗಿಳಿಸಿದರು. ಅದು ದಡಕ್ಕನೆ ಕಾಲಮೇಲೆ ಬಿತ್ತು. ಕುಸುರಿ ಜೇಬನ್ನೂ ಅದರ ಹಿಂದಿನ ಅಂಗಿಯನ್ನೂ ಒಟ್ಟಿಗೇ ರಿಂಗಿಗೆ ಸಿಕ್ಕಿಸಿದ್ದ. ಸಿಂಹ ಎರಡನ್ನೂ ಕಚ್ಚಿ ಹಿಡಿದಿತ್ತು.

ಯಜಮಾನರು ಜೇಬನ್ನೇ ದಿಟ್ಟಿಸಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು.

"ನನ್ನ ಹುಡುಗರು ಗಿರಾಕಿ ಕೊಡೋ ಚಿಲ್ಲರೇನೆಲ್ಲಾ ಅವರ ಜೇಬಿಗೇ ಇಳಿಸ್ತಾರೆ. ಇದು ನಂಗೆ ಹೊಳೆದೇ ಇರಲಿಲ್ಲ ನೋಡು!"

ಕುಸುರಿಗೆ ಹೋದ ಜೀವ ಬಂತು. ಜೊತೆಗೆ ಮಾತೂ ಬಂತು. "ಬೇಕಂತಲೇ ಮಾಡಿದ್ದು ಸಾರ್. ನನ್ನದೇ ಐಡಿಯಾ. ಎಲ್ಲಾ ಅಂಗೀಗೂ ಹೀಗೇ ಮುಚ್ಚಿಬಿಡ್ಲಾ?"

"ಮುಚ್ಚೋಕೆ ಅಂತ ಯಾರಾದ್ರೂ ಜೇಬು ಇಡ್ತಾರೇನಯ್ಯಾ? ಟೈಲರ್, ಬಾ ಇಲ್ಲಿ! ಎಲ್ಲಾ ಅಂಗೀನೂ ಜೇಬಿಲ್ಲದೇ ಹೊಲಿ."

"ಮತ್ತೆ... ಸಿಂಹ, ಸಾರ್?"

"ಜೇಬೇ ಇಲ್ಲ ಅಂದ್ಮೇಲೆ ಸಿಂಹ ಯಾತಕ್ಕೆ? ಇದನ್ನೂ ಬಿಚ್ಚಿಕೊಡು. ಇದು ನನ್ನ ಸ್ವಂತ ಅಂಗಿ, ನಂಗೆ ಜೇಬು ಬೇಕು."

"ಒಳ್ಳೆ ಐಡಿಯಾ ಕೊಟ್ಟೆ ಕಣೋ," ಎಂದು ಟೈಲರ್ ಟೇಪು ಕೊರಳಿಗೆ ಹಾಕಿಕೊಂಡು ಯಜಮಾನರ ಹಿಂದೆ ಹೊರಟ.

ಕುಸುರಿ ಬ್ಲೇಡ್ ಹಿಡಿದು ಕೂತ. ಜೀವನದಲ್ಲಿ ಒಮ್ಮೆ ಸರಿಯಾಗಿ ಹಾಕಿದ ಕಸೂತಿ. ಒಂದು ಎಳೆಯೂ ಸಲೀಸಾಗಿ ಬಿಚ್ಚಲಿಲ್ಲ. ಒಳಗೆ ಹೆಂಡತಿ ಫೋನಿನಲ್ಲಿದ್ದಳು.

"ಹ್ಞೂಂ ಅಣ್ಣಾ, ನಾಳೆಯಿಂದ ಬರ್ತಾರೆ. ಏನಂದೆ? ಅಂಗಡೀಲಿ ಯಾರೂ ಜೇಬಿರೋ ಅಂಗಿ ಹಾಕಬಾರದಾ? ಆಯ್ತು ಬಿಡು, ಎದುರಿಗೇ ಟೈಲರ್ ಇದ್ದಾರೆ."