ಹನ್ನೆರಡು ವರ್ಷದ ಇಂಟರ್ವಲ್

ನಮ್ಮಣ್ಣನ ಕೈಗೆ ಕೊಡಬೇಕಾಗಿದ್ದ ಒಂದು ಪೋಸ್ಟ್ ಕಾರ್ಡನ್ನು ನಾನು ಹನ್ನೆರಡು ವರ್ಷ ಕೊಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣವೆಂದರೆ, ಆ 'ಆಮೇಲೆ' ನನ್ನ ಕೈಯಲ್ಲಿ ಎಷ್ಟು ಉದ್ದ ಎಳೆಯುತ್ತದೆಂದು ನನಗೇ ಗೊತ್ತಿದೆ!

ಇನ್ನು ಅಣ್ಣನ ವಿಷಯ. ಕಂಪ್ಲಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತುಕೊಂಡೇ ಮದರಾಸಿನ ಫುಟ್‌ಬಾಲ್ ಆಟ ನೋಡುತ್ತಿದ್ದ ಮನುಷ್ಯ ಅವನು. ನಗಬೇಡಿ. ಅವನು ನೋಡುತ್ತಿದ್ದುದಷ್ಟೇ ಅಲ್ಲ, ಓಣಿಯವರಿಗೆಲ್ಲ ತೋರಿಸುತ್ತಿದ್ದ!

ಅಣ್ಣ ಮದರಾಸಿನ ಕಾಲೇಜಿನಲ್ಲಿ ಒಂದು ವರ್ಷ ಓದಿದ. ಅಷ್ಟರಲ್ಲಿ ಅಪ್ಪ ತೀರಿಕೊಂಡು, ಗದ್ದೆ ನೋಡಿಕೊಳ್ಳಲು ವಾಪಸು ಬರಬೇಕಾಯಿತು. ಪುಸ್ತಕಗಳನ್ನು ಅಲ್ಲೇ ಬಿಟ್ಟ, ಫುಟ್‌ಬಾಲನ್ನು ಮಾತ್ರ ಕಟ್ಟಿಕೊಂಡು ಬಂದ. ಅವನೇನು ಆಟಗಾರನೇ? ಎಲ್ಲಿಯ ಮಾತು! ಆಟ ನಡೆಯುವಾಗ ಹನ್ನೊಂದು ಜನರ ಅಂಗಿ ಕಾಯುವುದು ಅವನ ಕೆಲಸವಾಗಿತ್ತು. "ನಾ ಅಂಗಿ ಕಾಯ್ದಿದ್ದಕ್ಕ ಅವರು ನಿಶ್ಚಿಂತಿಯಿಂದ ಆಡ್ತಿದ್ರು. ಅರ್ಧ ಗೆಲುವು ನಂದೇ ಐತಿ" ಎನ್ನುತ್ತಿದ್ದ. ಅಂಗಿ ಕಾಯುವಾಗ ಪಕ್ಕದಲ್ಲಿ ಕುಳಿತಿರುತ್ತಿದ್ದ ಗೆಳೆಯ ಶೀನಪ್ಪ, ನಮ್ಮ ಬಳ್ಳಾರಿ ಕಡೆಯವನೇ. ಅಣ್ಣ ಊರಿಗೆ ಬಂದ ಮೇಲೂ ಕಾಲೇಜಿನ ಪ್ರತಿ ಆಟವನ್ನು ಅವನು ಕಾರ್ಡಿನಲ್ಲಿ ಬರೆದು ಕಳಿಸುತ್ತಿದ್ದ. ಸಾಸಿವೆಯಂಥ ಅಕ್ಷರ! ಮೊದಲರ್ಧ ಒಂದು ಕಾರ್ಡು, ಉಳಿದರ್ಧ ಇನ್ನೊಂದು ಕಾರ್ಡು.

ಮೊದಲ ಕಾರ್ಡು ಬಂತೆಂದರೆ ಪಡಸಾಲೆಯಲ್ಲಿ ಮೈದಾನ ಸಿದ್ಧವಾಗಬೇಕು. ನೆಲ ಸಾರಿಸಿ ರಂಗೋಲಿಯಲ್ಲಿ ಮೈದಾನ ಬರೆಯುವ ಕೆಲಸ ನನ್ನದು. ನಾನು ಓದಿದ್ದು ಎರಡನೇ ತರಗತಿ, ಆದರೆ ರಂಗೋಲಿಯಲ್ಲಿ ನನ್ನನ್ನು ಮೀರಿಸುವವರು ಓಣಿಯಲ್ಲಿರಲಿಲ್ಲ. ಒಂದೇ ತೊಂದರೆ ಎಂದರೆ, ಗೆರೆಯನ್ನು ಕೂಡಿಸದೆ ಬಿಟ್ಟು ನನಗೆ ರೂಢಿಯಿಲ್ಲ.

"ಲೇ ತಂಗಿ, ಗೋಲಿನ ಬಾಯಿ ಮುಚ್ಚಿಬಿಟ್ಟೀಯಲ್ಲೇ! ಚೆಂಡು ಒಳಗ ಹೆಂಗ ಹೋಗಬೇಕು?"

"ಹಾರಿ ಹೋಗ್ಲಿ ಬಿಡಣ್ಣ."

ನಮ್ಮ ಕಾಲೇಜಿನವರು ಹನ್ನೊಂದು ಹುಣಸೆಬೀಜ, ಎದುರಿನವರು ಹನ್ನೊಂದು ಅವರೆಕಾಳು, ಚೆಂಡು ಎಂದರೆ ಒಂದು ಕಡಲೆ. ಅಣ್ಣ ಕಾರ್ಡು ಓದುತ್ತಾ ಒಂದೊಂದೇ ಬೀಜ ಸರಿಸುತ್ತಿದ್ದ. ಓಣಿಯ ಹತ್ತಿಪ್ಪತ್ತು ಜನ ಸುತ್ತ ಕುಳಿತು, ಹುಣಸೆಬೀಜಕ್ಕೆ "ಭೇಷ್!" ಎನ್ನುತ್ತಿದ್ದರು.

ಮೊದಲರ್ಧ ಮುಗಿದ ಮೇಲೆ ಇಂಟರ್ವಲ್. ಎರಡನೇ ಕಾರ್ಡು ಬರುವ ತನಕ ನಮ್ಮ ಇಂಟರ್ವಲ್ ಮುಗಿಯುವಂತಿರಲಿಲ್ಲ. ಒಂದು ದಿನ, ಕೆಲವೊಮ್ಮೆ ಎರಡು ದಿನ! ಆ ಎರಡು ದಿನ ಬೀಜಗಳು ಇದ್ದಲ್ಲೇ ಇರಬೇಕು, ಕಸ ಗುಡಿಸುವಂತಿಲ್ಲ. ಮದರಾಸಿನಲ್ಲಿ ಆಟಗಾರರಿಗೆ ಇಂಟರ್ವಲ್‌ನಲ್ಲಿ ನಿಂಬೆಹೋಳು ಕೊಡುತ್ತಾರಂತೆ. ಹಾಗಾಗಿ ನಮ್ಮ ಮನೆಯಲ್ಲಿ ಬಂದವರಿಗೆಲ್ಲ ನಿಂಬೆಹೋಳು. ಅವ್ವ ಉಪ್ಪಿನಕಾಯಿಗೆಂದು ಇಟ್ಟ ಹಣ್ಣೆಲ್ಲ ಫುಟ್‌ಬಾಲಿಗೇ ಹೋಯಿತು.

"ಅಡಿಗಿಮನಿಗೆ ಹೋಗೋದು ಹೆಂಗೋ? ನಡು ಹಾದ್ಯಾಗ ಮದರಾಸು ಕುಂತೈತಲ್ಲೋ!" ಎಂದು ಅವ್ವ ಸೀರೆ ಎತ್ತಿಕೊಂಡು ಗೋಡೆಗುಂಟ ನಡೆಯುತ್ತಿದ್ದಳು.

ಒಮ್ಮೆ ಇಂಟರ್ವಲ್‌ನಲ್ಲಿ ಪಕ್ಕದ ಮನೆಯ ಆಡಿನ ಮರಿ ನುಗ್ಗಿ ಎದುರಿನವರ ಮೂವರನ್ನು ತಿಂದುಹೋಯಿತು. ಬೇರೆ ಅವರೆಕಾಳು ತರಲು ನಾನೆದ್ದರೆ ಅಣ್ಣ ತಡೆದ. "ಬ್ಯಾಡ! ಆಟದ ನಡುವ ಹೋದೋರ ಬದಲಿಗೆ ಬ್ಯಾರೆಯವರು ಬರಂಗಿಲ್ಲ. ಕಾಯ್ದೆ ಅಂದ್ರ ಕಾಯ್ದೆ!" ಮರುದಿನ ಕಾರ್ಡು ಬಂತು. ಕಾರ್ಡಿನ ಪ್ರಕಾರ ನಾವು ಸೋತಿದ್ದೆವು. ಪಡಸಾಲೆಯಲ್ಲಿ ಎಂಟು ಅವರೆಕಾಳಿನ ಮೇಲೆ ನಾವೇ ಗೆದ್ದೆವು!

ಹೀಗಿರುವಾಗ ನಮ್ಮ ಕಾಲೇಜು ಕಡೆಯ ಆಟಕ್ಕೆ ಬಂತು. ಅದನ್ನು ಗೆದ್ದರೆ, ಗೆದ್ದವರಿಗೆ ಕೊಡುವ ಬೆಳ್ಳಿಯ ಕಪ್ಪು ನಮ್ಮದು. ಮೊದಲ ಕಾರ್ಡು ಓದಿದ್ದೇ ಪಡಸಾಲೆ ಸಾವಿನ ಮನೆಯಾಯಿತು. ಎದುರಿನವರು ಎರಡು ಗೋಲು, ನಾವು ಸೊನ್ನೆ! ಅಣ್ಣ ಅನ್ನ ಬಿಟ್ಟ. ಎರಡು ದಿನ ಮೈದಾನದ ಪಕ್ಕದಲ್ಲೇ ನಿಂಬೆಹೋಳು ಚೀಪುತ್ತಾ ಕುಳಿತ.

ಎರಡನೆಯ ದಿನ ನಾನು ಕಾಲುವೆಯಿಂದ ನೀರು ತರುತ್ತಿದ್ದೆ. ಟಪಾಲಿನವನು ದಾರಿಯಲ್ಲೇ ಸಿಕ್ಕಿ ಕಾರ್ಡನ್ನು ನನ್ನ ಕೈಗೆ ಕೊಟ್ಟ. ನೇರ ಮನೆಗೆ ಓಡಬೇಕಿತ್ತು. ಓಡಲಿಲ್ಲ. ಜೀವಮಾನದಲ್ಲಿ ಒಂದು ಸಲವಾದರೂ ಕಾಲೇಜು ಕಲಿತ ಅಣ್ಣನಿಗಿಂತ ಮೊದಲು ನನಗೊಂದು ವಿಷಯ ಗೊತ್ತಾಗಬೇಕೆಂಬ ಆಸೆ ಹುಟ್ಟಿತು. ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಕಣಜದ ಹಿಂದೆ ಕುಳಿತು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದತೊಡಗಿದೆ. ಎರಡನೇ ತರಗತಿಯವಳಿಗೆ ಆ ಸಾಸಿವೆ ಅಕ್ಷರ ಬೇಗ ಬಗ್ಗುತ್ತದೆಯೇ? ನಮ್ಮವರ ಮೊದಲ ಗೋಲಿಗೆ ಬರುವಷ್ಟರಲ್ಲಿ ನೀರಿನ ಕೊಡದ ಹೊರಮೈ ಒಣಗಿತ್ತು. ಎರಡನೇ ಗೋಲು ಹೊಡೆದು ಸಮ ಮಾಡಿದರು. ಮೂರನೆಯದನ್ನು ಓದಿ ಬಾಯಿ ತೆರೆದು ಕುಳಿತುಬಿಟ್ಟೆ.

ಮೂರನೇ ಗೋಲನ್ನು ನಮ್ಮವರು ಹೊಡೆದೇ ಇರಲಿಲ್ಲ! ಎದುರಿನವರಲ್ಲೊಬ್ಬ, ಬಿಚ್ಚಿಹೋದ ಜುಟ್ಟನ್ನು ಕಟ್ಟಿಕೊಳ್ಳುತ್ತಾ ಚೆಂಡಿಗೆ ಬೆನ್ನು ಮಾಡಿ ನಿಂತಿದ್ದನಂತೆ. ಚೆಂಡು ಅವನ ಬೆನ್ನಿಗೆ ಬಡಿದು ಅವರದೇ ಗೋಲಿನೊಳಗೆ ಹೋಯಿತಂತೆ. ಕಪ್ಪು ಬಂದದ್ದು ಜುಟ್ಟಿನಿಂದ!

ಅಷ್ಟರಲ್ಲಿ ಪಡಸಾಲೆಯಲ್ಲಿ ಗದ್ದಲ. ಅಕ್ಕಿ ಗಿರಣಿಯ ಸಾಹುಕಾರರ ಪೇಪರಿನಲ್ಲಿ ಒಂದು ಸಾಲಿನ ಸುದ್ದಿ ಬಂದಿದೆ: ಮೂರಕ್ಕೆ ಎರಡು, ಗೆದ್ದದ್ದು ನಮ್ಮ ಕಾಲೇಜು. ಇಣುಕಿ ನೋಡಿದರೆ ಅಣ್ಣ ಮೈದಾನದ ನಡುವೆ ಕುಣಿಯುತ್ತಿದ್ದಾನೆ, ಬೀಜಗಳು ಚೆಲ್ಲಾಪಿಲ್ಲಿ!

"ಮೂರನೇದ್ದು ಹೆಂಗ ಹೊಡದಾರ್ರಿ?" ಎಂದು ಯಾರೋ ಕೇಳಿದರು.

ಅಣ್ಣ ಒಂದು ಕ್ಷಣವೂ ತಡೆಯಲಿಲ್ಲ. "ನಮ್ಮ ಕ್ಯಾಪ್ಟನ್ನು! ಆತನ ಬಿಟ್ರ ಯಾರು ಹೊಡೀತಾರ? ನಡುಗೆರಿಯಿಂದ ಒಂದೇ ಒದಿ!" ಎಂದು ಒದ್ದು ತೋರಿಸಿದ. ಅವ್ವನ ತಂಬಿಗೆ ಅಂಗಳಕ್ಕೆ ಹೋಗಿ ಬಿತ್ತು. ಎರಡು ದಿನ ಅನ್ನ ತಿನ್ನದವನ ಮುಖ ನೋಡಬೇಕಿತ್ತು ನೀವು! ಆ ಮುಖದ ಮುಂದೆ ಜುಟ್ಟಿನ ಸುದ್ದಿ ಹೇಗೆ ಹಿಡಿಯಲಿ? ನಾಳೆ ಕೊಟ್ಟರಾಯಿತು ಎಂದುಕೊಂಡೆ.

ನಾಳೆ ಬರುವಷ್ಟರಲ್ಲಿ ಅಣ್ಣನ ಬಾಯಲ್ಲಿ ಆ ಗೋಲು ಇನ್ನೂ ದೊಡ್ಡದಾಯಿತು. ಕ್ಯಾಪ್ಟನ್ ಏಳು ಜನರನ್ನು ದಾಟಿದ. ಮರುವರ್ಷ ಅವನ ಹೆಬ್ಬೆರಳು ಮುರಿದಿತ್ತು, ಆದರೂ ಹೊಡೆದ. ಅಣ್ಣನ ಮದುವೆಯ ಹೊತ್ತಿಗೆ ಜೋರು ಮಳೆ ಸೇರಿತು. ಬೀಗರ ಪಂಕ್ತಿಯಲ್ಲಿ ಅವನು ಆ ಗೋಲು ಹೊಡೆದು ಮುಗಿಸುವಷ್ಟರಲ್ಲಿ ಸಾರು ಆರಿ ತಣ್ಣಗಾಯಿತು. ಆ ಮದುವೆಯಲ್ಲೇ, ಅಂತರಪಟ ಸರಿಯುವ ಮೊದಲೇ ಬಗ್ಗಿ ನೋಡಿದ ಅತ್ತಿಗೆಗೆ "ಆಫ್‌ಸೈಡ್!" ಎಂದು ಕೂಗಿದವನು ಅವನು! ಹೊತ್ತಿಗೆ ಮೊದಲೇ ಗೆರೆ ದಾಟಿದರೆ ಹಾಗೆನ್ನಬೇಕಂತೆ. ಅತ್ತಿಗೆ ಒಂದು ವಾರ ಮಾತಾಡಲಿಲ್ಲ. ಹತ್ತನೇ ವರ್ಷಕ್ಕೆ ಆ ಚೆಂಡು ಯಾವಳೋ ದೊರೆಸಾನಿಯ ಕೊಡೆಗೆ ತಾಗಿ ತಿರುಗಿ ಬಂದು ಗೋಲಾಗುತ್ತಿತ್ತು.

ನಾನು ಕೇಳುತ್ತಾ ಕುಳಿತಿರುತ್ತಿದ್ದೆ. ನಿಜ ಹೇಳಬೇಕೆಂದರೆ, ಅವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಸಣ್ಣ ಸುಖವೂ ಇತ್ತು. ಮದುವೆಯಾಗಿ ಹೊಸಪೇಟೆಗೆ ಬರುವಾಗ ಕಾರ್ಡನ್ನು ಟ್ರಂಕಿನ ತಳದಲ್ಲಿಟ್ಟು ತಂದೆ.

ಆದರೆ ಒಂದು ಲೆಕ್ಕ ನನಗೆ ತಪ್ಪಿತ್ತು. ಕಾರ್ಡು ಬರಲಿಲ್ಲವೆಂದರೆ ಶೀನಪ್ಪ ಬರೆಯಲಿಲ್ಲವೆಂದೇ ಅಣ್ಣ ತಿಳಿಯುವುದಲ್ಲವೇ? "ಸೋಲೋ ಅರ್ಧ ಬರದು ಗೆಲ್ಲೋ ಅರ್ಧ ಬಿಟ್ನಲ್ಲ, ಇಂಥವ ಗೆಳೆಯನೇನು? ಮೊದ್ಲು ಆತನೇ ಬರೀಲಿ" ಎಂದು ಅಣ್ಣ ಸೆಟೆದುಕೊಂಡ. ಶೀನಪ್ಪನೂ ಮತ್ತೆ ಬರೆಯಲಿಲ್ಲ. ರಂಗೂನಿಗೆ ಹೋದನಂತೆ ಎಂದು ಯಾರೋ ಹೇಳಿದರು. ನಮ್ಮ ಪಡಸಾಲೆಗೆ ಹೊಸ ಆಟ ಬರುವುದು ನಿಂತಿತು. ಇದ್ದ ಒಂದು ಆಟವನ್ನೇ ಅಣ್ಣ ಹನ್ನೆರಡು ವರ್ಷ ಆಡಿದ.

ಯುದ್ಧ ರಂಗೂನಿನ ತನಕ ಬಂದ ಮೇಲೆ, ಒಂದು ದಿನ ಅಣ್ಣ ನಮ್ಮ ಹೊಸಪೇಟೆಯ ಮನೆಗೆ ಕಾರ್ಡೊಂದನ್ನು ಹಿಡಿದು ಬಂದ. ಅದೇ ಸಾಸಿವೆ ಅಕ್ಷರ. ಶೀನಪ್ಪ ಬರ್ಮಾದ ಕಾಡಿನಲ್ಲಿ ನಡೆದು ಜೀವ ಉಳಿಸಿಕೊಂಡು ಬಂದಿದ್ದಾನೆ. ಇವತ್ತಿನ ರೈಲಿಗೆ ಹೊಸಪೇಟೆಗೆ ಬರುತ್ತಾನೆ, ಒಂದು ಸಲ ನೋಡಬೇಕಂತೆ.

"ಲೇ ತಂಗಿ, ಜಲ್ದಿ ನೆಲ ಸಾರಿಸಿ ಮೈದಾನ ಬರಿ. ಇವತ್ತು ಆತನ ಬಾಯಿಂದನ ಮೂರನೇ ಗೋಲು ಕೇಳೋದೈತಿ. ಆಮ್ಯಾಲೆ ಹನ್ನೆರಡು ವರ್ಷದ ಬೈಗುಳನೂ ಐತಿ!"

ಬರೆದೆ.

"ಮತ್ತ ಗೋಲಿನ ಬಾಯಿ ಮುಚ್ಚೀದಿ ನೋಡು" ಎಂದು ಅಣ್ಣ ನಕ್ಕ.

ಟ್ರಂಕಿನಿಂದ ಕಾರ್ಡನ್ನು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು ಅವನ ಹಿಂದೆಯೇ ಸ್ಟೇಷನ್ನಿಗೆ ಹೋದೆ. ರೈಲು ಬರಲು ಇನ್ನೂ ಹೊತ್ತಿತ್ತು. ಬೆಂಚಿನ ಮೇಲೆ ಕುಳಿತವನ ಕೈಗೆ ಕೊಟ್ಟೆ. ನಿಂತಲ್ಲೇ ಎಲ್ಲ ಹೇಳಿದೆ.

ಅಣ್ಣ ಎರಡು ಸಲ ಓದಿದ.

"ಜುಟ್ಟು?"

"ಹೂಂ, ಜುಟ್ಟು."

"ಹನ್ನೆರಡು ವರ್ಷ ನಾ ಹೊಡದ ಗೋಲೆಲ್ಲಾ ಕೇಳಿಕೋತ ಹೆಂಗ ಕುಂತಿದ್ದೆಲೇ ನೀನು?"

"ಭಾಳ ಚಲೋ ಇದ್ವು, ಅಣ್ಣ."

ಅವನು ನಗುತ್ತಾನೆಂದುಕೊಂಡೆ. ನಗುವುದಕ್ಕೆ ಬಾಯಿ ತೆರೆದದ್ದೂ ನಿಜ. ಆದರೆ ಕಾರ್ಡನ್ನು ಅಡ್ಡ ತಿರುಗಿಸಿದ. ಅಂಚಿನಲ್ಲಿ ಇನ್ನೂ ಸಣ್ಣ ಅಕ್ಷರದ ಒಂದು ಸಾಲಿತ್ತು. ಅದು ಟಪಾಲಿನವರಿಗೆ ಬರೆದದ್ದಿರಬೇಕೆಂದು ನಾನು ಓದಿಯೇ ಇರಲಿಲ್ಲ. ಅಣ್ಣ ಗಟ್ಟಿಯಾಗಿ ಓದಿದ: "ಈ ಸಲ ಅಂಗಿ ನಾನು ಕಾಯ್ದೆ, ಎರಡು ಕಳೆದವು. ನೀನಿಲ್ಲದೆ ಕಪ್ಪು ಬಂದರೂ ಏನೋ ಕಮ್ಮಿ ಅನ್ನಿಸಿತು. ತಪ್ಪದೆ ಉತ್ತರ ಬರಿ."

ರೈಲು ಬಂತು. ಕಡೆಯ ಡಬ್ಬಿಯಿಂದ ಒಬ್ಬ ಇಳಿದ. ಕೋಲಿಗೆ ಅಂಗಿ ತೊಡಿಸಿದಂತಿದ್ದ, ಬಗಲಲ್ಲಿ ಒಂದು ಗಂಟು. ಅಣ್ಣನನ್ನು ನೋಡಿ ನಾಲ್ಕು ಮಾರು ದೂರದಲ್ಲೇ ನಿಂತುಬಿಟ್ಟ. ಅಣ್ಣನೂ ಕದಲಲಿಲ್ಲ.

"ಒಂದು ಕಾಗದ ಬರೀಲಿಕ್ಕ ಆಗಲಿಲ್ಲೇನೋ ನಿನಗ?" ಎಂದ ಶೀನಪ್ಪ.

ಓಣಿಗೆಲ್ಲ ಹನ್ನೆರಡು ವರ್ಷ ಮಾತಿನಲ್ಲೇ ಗೋಲು ಹೊಡೆದ ನಮ್ಮಣ್ಣ, ಕಾರ್ಡು ಹಿಡಿದ ಕೈಯನ್ನು ಸುಮ್ಮನೆ ಮುಂದೆ ಚಾಚಿದ. ನನ್ನ ಹೆಸರನ್ನು ಅವನು ಹೇಳುವುದಿಲ್ಲವೆಂದು ನನಗೆ ಗೊತ್ತಾಯಿತು. ನಾನು ಹೋಗಿ ಇಬ್ಬರ ನಡುವೆ ನಿಂತೆ.

"ಅಣ್ಣಂದೇನೂ ಇಲ್ಲರಿ. ನೀವು ಬರದದ್ದು ಬಂದಿತ್ತು, ನಾನ ಮುಚ್ಚಿಟ್ಟಿದ್ದೆ. ನಿಮ್ಮಿಬ್ಬರ ಹನ್ನೆರಡು ವರ್ಷ ನಾ ತಿಂದೆ. ತಪ್ಪಾತು ಅಣ್ಣ, ತಪ್ಪಾತ್ರಿ, ಇಬ್ಬರೂ ನನ್ನ ಕ್ಷಮಿಸ್ರಿ."